ಬೆಲ್ಲದ ನೀರು ಬಿಡಿಸಿದ ದ್ಯಾಮಕ್ಕ

ಹೊಸಹಳ್ಳಿಯ ದಾರಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಕೋಳಿ ಶೆಡ್ಡಿನೊಳಗೆ ದ್ಯಾಮಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನೀರಿನ ಪೈಪಿನ ಕೊನೆಯ ಮುಚ್ಚಳ ಬಿಚ್ಚುತ್ತಾರೆ. ಒಳಗೆ ಬೆರಳು ಹಾಕಿ ತಿಕ್ಕಿ ನೋಡುತ್ತಾರೆ. ಬೆರಳು ಜಾರಿದರೆ ಒಳಗೆ ಲೋಳೆ ಇದೆ ಎಂದರ್ಥ, ಮತ್ತೆ ತೊಳೆಯಬೇಕು. ಇವತ್ತು ಜಾರುವುದಿಲ್ಲ. "ಈಗ ಕುಡೀರವ್ವಾ," ಎಂದು ಕೋಳಿಗಳಿಗೆ ಹೇಳಿ ಮುಂದಿನ ಸಾಲಿಗೆ ಹೋಗುತ್ತಾರೆ.

ಶೆಡ್ಡಿನ ಯಜಮಾನ ದಾದಾಪೀರ್ ಮೊದಲು ಕೊಟ್ಟೂರಿನಲ್ಲಿ ಲಾರಿ ರಿಪೇರಿ ಮಾಡುತ್ತಿದ್ದವರು. ತೊಂಬತ್ತರ ದಶಕದ ಕೊನೆಗೆ ಅವರು ತತ್ತಿ ಕೋಳಿ ಸಾಕಲು ಶುರು ಮಾಡಿದಾಗ ಮೊದಲು ಕೆಲಸಕ್ಕೆ ಬಂದವರೇ ದ್ಯಾಮಕ್ಕ. ರೋಗ ಬರಲಿ ಬಾರದಿರಲಿ, ದಿನವೂ ಕೋಳಿಯ ನೀರಿಗೆ ಚೂರು ಆ್ಯಂಟಿಬಯಾಟಿಕ್ ಪುಡಿ ಹಾಕುವುದು ಅಲ್ಲಿಯ ರೂಢಿ. ಕಹಿಗೆ ಕೋಳಿಗಳು ಮುಖ ತಿರುಗಿಸಿದಾಗ ಬೆಲ್ಲ ಕರಗಿಸಿದ್ದು ಮಾತ್ರ ದ್ಯಾಮಕ್ಕನ ಬುದ್ಧಿ.

"ಕೂಸಿಗೆ ಔಷಧ ಕುಡಸ್ಬೇಕಂದ್ರ ಬೆಲ್ಲ ನೆಕ್ಕಸ್ತೀವಲ್ರಿ, ಹಂಗ ಮಾಡಿದೆ. ಗಟಗಟ ಕುಡದ್ವು," ಎಂದು ಈಗ ನಗುತ್ತಾರೆ.

ಕಳೆದ ಬೇಸಿಗೆಯಲ್ಲಿ ಕೋಳಿಗಳು ಭೇದಿಯಾಗಿ ಸಾಯತೊಡಗಿದವು. ಎಷ್ಟು ಔಷಧಿ ಹಾಕಿದರೂ ರೋಗ ಜಗ್ಗಲಿಲ್ಲ. ಕೂಡ್ಲಿಗಿಯ ಪಶುವೈದ್ಯ ಗುರುಮೂರ್ತಿ ಸತ್ತ ಕೋಳಿಯನ್ನು ಪರೀಕ್ಷೆಗೆ ಕಳಿಸಿದರು. ದಿನಾ ಚೂರುಚೂರು ಸಿಕ್ಕ ಔಷಧಿಗೆ ರೋಗಾಣು ಪಳಗಿ, ಅದಕ್ಕೆ ಸಾಯದಂತಾಗಿಬಿಟ್ಟಿತ್ತು. ಪೈಪು ಕೊಯ್ದರೆ ಒಳಗೆಲ್ಲ ಬೆಲ್ಲದಿಂದ ಬೆಳೆದ ಲೋಳೆ. ರೋಗಾಣುವಿಗೆ ಅದೇ ಮನೆ. ಗೂಡಿಗೆ ಐದೈದು ಕೋಳಿ ತುರುಕಿದ್ದರಿಂದ ಒಂದರದ್ದು ಇನ್ನೊಂದಕ್ಕೆ ಹತ್ತಲು ಹೊತ್ತೇ ಬೇಕಿರಲಿಲ್ಲ. ಇದು ಮನುಷ್ಯರಿಗೂ ದಾಟಬಹುದು ಎಂದರು ವೈದ್ಯರು. ಆಳುಗಳಿಗೆ ಸಿಗುವ ಒಡಕು ತತ್ತಿಗಳನ್ನು ಮೊಮ್ಮಗಳಿಗೆ ಒಯ್ಯುತ್ತಿದ್ದ ದ್ಯಾಮಕ್ಕ ಅಂದೇ ನಿಲ್ಲಿಸಿದರು.

ದಾದಾಪೀರ್ ಕೈಚೆಲ್ಲಿದರು. ಕೋಳಿಗಳನ್ನೆಲ್ಲ ಹೂಳಿಸಿ ಶೆಡ್ಡು ಮುಚ್ಚುವ ಮಾತು ಬಂತು. ದ್ಯಾಮಕ್ಕ ಅಡ್ಡ ನಿಂತರು.

"ಬೆಲ್ಲ ಹಾಕಿದಾಕಿ ನಾನು, ತೊಳಿಯಾಕಿನೂ ನಾನ. ಅಮಾಸಿ ತನಕ ತಡೀರಿ ದಾದಾಪೀರಣ್ಣ ಅಂದೆ."

ವೈದ್ಯರು ದಾರಿ ಹೇಳಿದರು, ದ್ಯಾಮಕ್ಕ ಮೈಮುರಿದು ದುಡಿದರು. ಪುಡಿ, ಬೆಲ್ಲ ಎರಡೂ ನಿಂತವು. ರೋಗದ ಕೋಳಿಗಳು ಬೇರೆಯಾದವು. ಒಂದೊಂದೇ ಪೈಪು ಬಿಚ್ಚಿ, ಗ್ಯಾರೇಜಿನ ಉದ್ದನೆಯ ಬ್ರಷ್ ತೂರಿಸಿ ಲೋಳೆ ಕಿತ್ತರು. ಗೂಡಿಗೆ ಮೂರೇ ಕೋಳಿ ಉಳಿದವು. ಮಿಕ್ಕವಕ್ಕೆ ಹಳೆಯ ಗೋದಾಮಿನಲ್ಲಿ ಶೇಂಗಾ ಹೊಟ್ಟಿನ ಹಾಸು. ದ್ಯಾಮಕ್ಕನ ಬೆರಳುಗಳ ಚರ್ಮ ಸುಲಿದುಹೋಗಿತ್ತು. ಅಮಾವಾಸ್ಯೆಯ ಹೊತ್ತಿಗೆ ಸಾವು ನಿಂತಿತು. ಆಮೇಲೆ ತತ್ತಿಯ ಟ್ರೇಗಳು ತುಂಬತೊಡಗಿದವು. ಮರುಪರೀಕ್ಷೆಯಲ್ಲಿ ನೀರೂ ತತ್ತಿಯೂ ಪಾಸು. ಈ ಹೆಂಗಸು ಗೆದ್ದರು ಎಂದು ಬರೆಯಲು ನನಗೆ ಬಲು ಖುಷಿ.

ಈಗ ಹಗರಿಬೊಮ್ಮನಹಳ್ಳಿ ಕಡೆಯ ಕೋಳಿ ಸಾಕಣೆಯವರೂ ಬಂದು ಪೈಪು ತೊಳೆಯುವುದನ್ನು ನೋಡಿಕೊಂಡು ಹೋಗುತ್ತಾರೆ. ಇಷ್ಟೆಲ್ಲ ದುಡಿದದ್ದಕ್ಕೆ ನಿಮಗೇನು ಬೇಕು ಎಂದು ದ್ಯಾಮಕ್ಕನನ್ನು ಕೇಳಿದೆ. ದ್ಯಾಮಕ್ಕ ಸೆರಗಿನ ಗಂಟು ಬಿಚ್ಚಿ ಬಿಸಿ ಆರದ ಒಂದು ತತ್ತಿ ತೋರಿಸಿದರು.

"ಬೇಕಾದ್ದು ಸಿಕ್ಕೈತ್ರಿ. ಈಗಷ್ಟ ದಾದಾಪೀರಣ್ಣ ಒಡಕು ತತ್ತಿ ಕೊಡಾಕ ಬಂದ್ರು. ಬ್ಯಾಡ, ನಮ್ಮ ಮೊಮ್ಮಗಳಿಗೆ ಇಡೀದ ಕೊಡ್ರಿ ಅಂದೆ. ಅವರೇ ಆರಿಸಿ ಕೊಟ್ರು."