ಹಾಜರಿ ಪುಸ್ತಕದ ಕೊನೆಯ ಹುಡುಗಿ

ಸಿಸ್ಟರ್ ಮೇಜನ್ನು ಮೂರನೆಯ ಸಲ ಎಳೆದಾಗ ಪಿ.ಟಿ. ಮೇಷ್ಟ್ರು ಬಾಯಿಂದ ಸೀಟಿ ತೆಗೆದು ಕೇಳಿದರು: "ಏನ್ ಸಿಸ್ಟರ್, ಮನೆ ಬದಲಾಯಿಸ್ತಿದೀರಾ?"

ಸಿಸ್ಟರ್ ಬಾಗಿಲ ಕಡೆ ನೋಡಿದರು. ಮೇಜು ಬಾಗಿಲಿಗೆ ನೇರವಾಗಿದ್ದರೆ ವರಾಂಡದಲ್ಲಿ ನಿಂತವರಿಗೆ ಸೂಜಿ ಕಾಣುತ್ತದೆ. ಕಿಟಕಿಯ ಹತ್ತಿರವಿದ್ದರೆ ಇಡೀ ಮೈದಾನಕ್ಕೇ ಕಾಣುತ್ತದೆ. ಕೊನೆಗೆ ಅದನ್ನು ಆ ಖಾಲಿ ಕೋಣೆಯ ಕಪ್ಪುಹಲಗೆಯ ಪಕ್ಕದ ಮೂಲೆಗೆ ತಳ್ಳಿದರು. ಕಿಟಕಿಯ ಸರಳಿನಿಂದ ಗೋಡೆಯ ಮೊಳೆಗೆ ಹಗ್ಗ ಬಿಗಿದು, ಮನೆಯಿಂದ ತಂದ ಬೆಡ್‌ಶೀಟನ್ನು ಇಳಿಬಿಟ್ಟರು.

ಹತ್ತೊಂಬತ್ತು ವರ್ಷಗಳಿಂದ ಶಾಲೆಯಿಂದ ಶಾಲೆಗೆ ಹೋಗಿ ಲಸಿಕೆ ಹಾಕುವುದು ಅವರ ಕೆಲಸ. ಮಕ್ಕಳು ಇಟ್ಟ ಹೆಸರು ಸೂಜಿ ಸಿಸ್ಟರ್. ಅವರ ಚುರುಕುತನ ಇಲಾಖೆಗೆಲ್ಲ ಗೊತ್ತು. ಮಕ್ಕಳು ಹಾಜರಿ ಪುಸ್ತಕದ ಕ್ರಮದಲ್ಲೇ ಸಾಲು ನಿಲ್ಲಬೇಕು. ಅಂಗಿಯ ತೋಳು ಏರಿಸು, "ಇರುವೆ ಕಚ್ಚಿದ ಹಾಗಷ್ಟೆ," ಚುಚ್ಚು, ಮುಂದಿನವರು.

ಆರು ತಿಂಗಳ ಹಿಂದೆ ಇದೇ ಶಾಲೆಯಲ್ಲಿ, ಏಳನೆಯ ತರಗತಿಯ ನಲವತ್ತೇಳನೆಯ ನಂಬರಿನ ಹುಡುಗಿ, ಚುಚ್ಚಿಸಿಕೊಂಡು ಎರಡು ಹೆಜ್ಜೆ ಇಡುವಷ್ಟರಲ್ಲಿ ತಲೆ ಸುತ್ತಿ ಬಿದ್ದಳು. ಬೆಂಚಿನ ಅಂಚು ತಗುಲಿ ಗದ್ದಕ್ಕೆ ಮೂರು ಹೊಲಿಗೆ ಬಿತ್ತು. ಆಸ್ಪತ್ರೆಯಲ್ಲಿ ಪಕ್ಕದಲ್ಲೇ ಕೂತಿದ್ದ ಸಿಸ್ಟರ್ ಕಡೆ ತಿರುಗಿ ಅವಳು ಹೇಳಿದ್ದು ಇಷ್ಟು: "ಇರುವೆ ಅಂದ್ರಿ. ಸುಳ್ಳು."

ಆ ಮಾತು ಅವರನ್ನು ಕೂತಲ್ಲಿ ಕೂರಲು ಬಿಡಲಿಲ್ಲ. ಹಳೆಯ ನೋಟ್‌ಬುಕ್ಕುಗಳನ್ನು ಅಟ್ಟದಿಂದ ಇಳಿಸಿದರು. ಇಷ್ಟು ವರ್ಷಗಳಲ್ಲಿ ತಲೆ ಸುತ್ತಿ ಬಿದ್ದವರು ಹದಿನಾಲ್ಕು ಮಕ್ಕಳು. ಪ್ರತಿಯೊಂದು ಹೆಸರಿನ ಮುಂದೆಯೂ ಅವರದೇ ಅಕ್ಷರ: ತಿಂಡಿ ತಿಂದಿರಲಿಲ್ಲ. ರೋಲ್ ನಂಬರ್ ನೋಡುತ್ತಾ ಹೋದರೆ, ಅವರಲ್ಲಿ ಹನ್ನೊಂದು ಮಕ್ಕಳು ಹಾಜರಿ ಪುಸ್ತಕದ ಕೊನೆಯ ಪುಟದವರು. ಹೆಚ್ಚಿನವರು ವರ್ಷದ ನಡುವೆ ಬೇರೆ ಕಡೆಯಿಂದ ಬಂದು ಸೇರಿದವರು. ಅವರಿಗಾಗಿದ್ದು ಹಸಿವಲ್ಲ. ತೆರೆದ ಬಾಗಿಲಿನಲ್ಲಿ ಒಂದು ಗಂಟೆ ನಿಂತು, ತಮಗಿಂತ ಮೊದಲಿನವರ ಮುಖ ಒಂದೊಂದಾಗಿ ಕಿವುಚುವುದನ್ನು ನೋಡಿದ್ದರು.

ಈಗ ಎರಡನೆಯ ಡೋಸು. ಆ ಹುಡುಗಿಯ ತಾಯಿ ಒಪ್ಪಿಗೆ ಚೀಟಿಯಲ್ಲಿ ಬರೆದಿದ್ದರು: ಮಗಳು ಹೂಂ ಅಂದರೆ ಮಾತ್ರ.

ಆ ಬೆಳಿಗ್ಗೆ ಬೆಡ್‌ಶೀಟನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸುತ್ತಿದ್ದ ಹೆಂಡತಿಯನ್ನು ನೋಡಿ ಟೈಲರ್ ಗಂಡ ನಕ್ಕಿದ್ದ. "ಚುಚ್ಚಿಸ್ಕೊಳ್ಳೋ ಮಕ್ಕಳೂ ಇಷ್ಟು ಒದ್ದಾಡಲ್ಲ ಕಣೇ. ನಾನೂ ದಿನಾ ಸೂಜಿ ಹಿಡೀತೀನಿ, ಬಟ್ಟೆ ಯಾವತ್ತಾದ್ರೂ ಅತ್ತಿದೆಯಾ?"

"ನೀವು ಸುಮ್ನಿರಿ. ಇವತ್ತು ಅವಳು ಬರ್ದೇ ಇದ್ರೆ ಇನ್ನು ಜನ್ಮದಲ್ಲಿ ಯಾವ ಸೂಜಿಗೂ ತೋಳು ಕೊಡಲ್ಲ."

ಶಾಲೆಯಲ್ಲಿ ಮೊದಲ ತಕರಾರು ಮೇಷ್ಟ್ರದೇ. "ಕಂಪ್ಯೂಟರ್‌ಗೆ ಹಾಕೋ ಪಟ್ಟಿ ಹಾಜರಿ ಪ್ರಕಾರ ಇದೆ ಸಿಸ್ಟರ್. ನೀವು ಹಿಂದುಮುಂದು ಮಾಡಿದ್ರೆ ನನ್ನ ತಲೆ ಕೆಡುತ್ತೆ."

"ನಿಮ್ಮ ತಲೆ ಕೆಟ್ರೆ ಮಾತ್ರೆ ಇದೆ ಸಾರ್. ಹಿಂದಿನಿಂದ ಕರೀರಿ. ಐದೈದು ಜನ ಬರ್ಲಿ, ಮಿಕ್ಕವರು ಕ್ಲಾಸಲ್ಲೇ ಇರ್ಲಿ."

ಮೇಷ್ಟ್ರು ಗೊಣಗಿಕೊಂಡೇ ಹೋಗಿ ನಲವತ್ತೇಳು ಎಂದು ಕೂಗಿದರು. ಇಡೀ ತರಗತಿ ಹಿಂತಿರುಗಿ ನೋಡಿತು. "ಬಿದ್ದೋಳು ಹೊರಟ್ಲು!" ಎಂದು ಯಾರೋ ಅಂದರು. ಹುಡುಗಿ ಪರದೆಯವರೆಗೂ ಬಂದಳು, ಒಳಗೆ ಬರಲಿಲ್ಲ.

"ನನ್ನನ್ನೇ ಯಾಕೆ ಮೊದಲು ಕರೆಸಿದ್ರಿ? ಎಲ್ರೂ ನೋಡ್ಲಿ ಅಂತಾನಾ?"

"ಕಾಯೋದು ಬೇಡ ಅಂತ, ಪುಟ್ಟಾ..."

"ಒಲ್ಲೆ." ಅವಳು ಹೊರಟೇಹೋದಳು.

ನೆರಳು ಮಾಡಲು ಹೋಗಿ ಹುಡುಗಿಯನ್ನು ಬಿಸಿಲಿಗೆ ತಳ್ಳಿದ್ದಾಯಿತು. ಉಳಿದ ನಲವತ್ತಾರು ಮಕ್ಕಳಿಗೆ ಲಸಿಕೆ ಹಾಕುವಷ್ಟು ಹೊತ್ತೂ ಸಿಸ್ಟರ್ ಕಣ್ಣು ಬಾಗಿಲಲ್ಲೇ ಇತ್ತು. ಎಲ್ಲರನ್ನೂ ಕೂರಿಸಿದರು, ಯಾವ ತೋಳು ಎಂದು ಅವರನ್ನೇ ಕೇಳಿದರು, ಇರುವೆಯ ಮಾತು ಎತ್ತಲಿಲ್ಲ. ಒಬ್ಬ ಹುಡುಗ ಮಗ್ಗಿ ಒಪ್ಪಿಸುತ್ತಾ ಹದಿಮೂರರಲ್ಲಿ ತಪ್ಪಿ, ಸೂಜಿ ಹೊರಬಂದ ಮೇಲೂ "ತಡೀರಿ, ತಡೀರಿ" ಎಂದು ಲೆಕ್ಕ ಸರಿಮಾಡುತ್ತಿದ್ದ. ಯಾರೂ ಬೀಳಲಿಲ್ಲ. ಐಸ್ ಬಾಕ್ಸಿನಲ್ಲಿ ಒಂದೇ ಒಂದು ಬಾಟಲಿ ಉಳಿಯಿತು.

ಎರಡು ಗಂಟೆಗೆ ಆ ಬಾಕ್ಸು ಆಸ್ಪತ್ರೆಗೆ ವಾಪಸು ಹೋಗಬೇಕು. ಜೀಪಿನ ಡ್ರೈವರ್ ಆಗಲೇ ಹಾರ್ನ್ ಒತ್ತುತ್ತಿದ್ದ. ಸಿಸ್ಟರ್ ಬರಿಗೈಯಲ್ಲಿ ತರಗತಿಗೆ ಹೋದರು. ಮಿಕ್ಕವರು ಮೈದಾನದಲ್ಲಿದ್ದರು, ಹುಡುಗಿ ಒಬ್ಬಳೇ ಕೂತು ಪೆನ್ಸಿಲ್ ಕೆತ್ತುತ್ತಿದ್ದಳು.

"ನಂದೇ ತಪ್ಪು," ಎಂದರು ಸಿಸ್ಟರ್. "ನಿನ್ನನ್ನ ಕೇಳ್ದೆ ಕರೆಸ್ದೆ. ಈಗ ಕೇಳ್ತಿದೀನಿ. ಬೇಡ ಅಂದ್ರೆ ಬೇಡ ಅಂತ ಬರ್ಕೊಂಡು ಹೋಗ್ತೀನಿ."

ಹುಡುಗಿ ಪೆನ್ಸಿಲಿನ ಮೊನೆಯನ್ನು ಬೆರಳಿಗೆ ಒತ್ತಿ ನೋಡಿದಳು. "ನೋವಾಗುತ್ತಾ?"

"ಆಗುತ್ತೆ. ಜೋರಾಗಿ ಚಿವುಟಿದಷ್ಟು. ಐದು ಎಣಿಸೋದ್ರಲ್ಲಿ ಮುಗಿಯುತ್ತೆ. ಆಮೇಲೆ ಒಂದೆರಡು ದಿನ ತೋಳು ಭಾರ."

"ಮತ್ತೆ ಬಿದ್ರೆ?"

"ಮಲಗಿಸಿ ಹಾಕ್ತೀನಿ. ಮಲಗಿದೋರು ಎಲ್ಲಿಗೆ ಬೀಳ್ತಾರೆ? ಕಾಲು ಮಾತ್ರ ಬಿಗಿ ಹಿಡ್ಕೊ, ತಲೆ ಸುತ್ತಲ್ಲ. ಕೈ ಸಡಿಲ ಬಿಡು."

"ಮೇಷ್ಟ್ರು ಇರಬಾರದು. ನಾನು ಹೂಂ ಅನ್ನೋವರೆಗೂ ಚುಚ್ಚಬಾರದು."

ಬೆಂಚನ್ನು ಪರದೆಯ ಹಿಂದೆ ಹಾಕಿದರು. ಹುಡುಗಿ ಮಲಗಿ ಕಾಲು ಬಿಗಿದಳು, ಸಡಿಲಿಸಿದಳು, ಮತ್ತೆ ಬಿಗಿದಳು. ಹಾರ್ನ್ ಕೂಗಿತು. ಅವಳು ಕಣ್ಣು ಮುಚ್ಚಿ, ತೆರೆದು, ಚಾವಣಿ ನೋಡಿದಳು. ಬಾಗಿಲಾಚೆಯಿಂದ ಮೇಷ್ಟ್ರು, "ಆಯ್ತಾ ಸಿಸ್ಟರ್?" ಎಂದರು. ಹತ್ತೊಂಬತ್ತು ವರ್ಷಗಳಲ್ಲಿ ತುಂಬಿದ ಸಿರಿಂಜು ಹಿಡಿದು ಸಿಸ್ಟರ್ ಇಷ್ಟು ಹೊತ್ತು ಸುಮ್ಮನೆ ನಿಂತದ್ದಿಲ್ಲ.

"ಹೂಂ," ಎಂದಳು ಹುಡುಗಿ.

ಸೂಜಿ ಹೊರಬಂದ ಮೇಲೆ ಅವಳು ತಕ್ಷಣ ಏಳಲಿಲ್ಲ. ಸಿಸ್ಟರ್ ಹತ್ತಿ ಒತ್ತಿ ಹಿಡಿದು ಅವಳ ತುಟಿಯ ಬಣ್ಣವನ್ನೇ ಗಮನಿಸುತ್ತಿದ್ದರು.

"ಚಿವುಟಿದಷ್ಟಲ್ಲ," ಎಂದಳು ಹುಡುಗಿ. "ಅದಕ್ಕಿಂತ ಸ್ವಲ್ಪ ಜಾಸ್ತಿ."

"ಹೌದಾ? ನಾಳೆಯಿಂದ ಹಾಗೇ ಹೇಳ್ತೀನಿ," ಎಂದು ಸಿಸ್ಟರ್ ಕಿಟಕಿಯಿಂದ ಡ್ರೈವರಿಗೆ ಇನ್ನೂ ಅರ್ಧ ಗಂಟೆ ಎಂದು ಕೈಸನ್ನೆ ಮಾಡಿ, ಬೆಂಚಿನ ಪಕ್ಕದ ನೆಲದ ಮೇಲೆ ಕೂತರು.