ಬಿಸಿಲಿಗೆ ಹಿಡಿದು ಆರಿಸಿದ ನೀಲಿ ಗಾಜು

ಮದುವೆ ಮನೆಯಲ್ಲಿ ಹಾಡು ಹಾಕಿ, ಬಣ್ಣಬಣ್ಣದ ಬೆಳಕು ಕುಣಿಸುವವರನ್ನು ಈಗ ಡಿ.ಜೆ. ಅನ್ನುತ್ತಾರಂತೆ. ಎಪ್ಪತ್ತರ ದಶಕದ ದೊಡ್ಡಬಳ್ಳಾಪುರದಲ್ಲಿ ನಮ್ಮಣ್ಣ ಮಾಡುತ್ತಿದ್ದುದೂ ಅದನ್ನೇ. ಜನ ಅವನನ್ನು ಮೈಕ್ ಸೆಟ್ಟಿನವನು ಅನ್ನುತ್ತಿದ್ದರು. ಅಪ್ಪ ಅದನ್ನೂ ಅನ್ನುತ್ತಿರಲಿಲ್ಲ. ಅವನ ಪಾಲಿಗೆ ಮಗ ಎಂದರೆ ಮಗ್ಗ ಬಿಟ್ಟವನು, ಅಷ್ಟೆ. ಎತ್ತು ಏರಿಗೆ, ಕೋಣ ನೀರಿಗೆ. ಇಬ್ಬರೂ ಮುಖ ಕೊಟ್ಟು ಮಾತಾಡುತ್ತಿರಲಿಲ್ಲವಾದ್ದರಿಂದ ಅವರ ಮಾತುಗಳನ್ನು ಹೊತ್ತು ಜಗಲಿಗೂ ನಡುಮನೆಗೂ ಓಡಾಡುವುದು ನನ್ನ ಪಾಲಿಗೆ ಬಂದಿತ್ತು. ನನ್ನ ಮದುವೆ ಗೊತ್ತಾದಾಗ ಸಂತೋಷಕ್ಕಿಂತ ಮೊದಲು, ಸದ್ಯ, ಇವರಿಬ್ಬರಿಂದ ಬಿಡುಗಡೆ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ.

ಆ ವರ್ಷ ಅಪ್ಪನ ಕಣ್ಣು ಮಂಜಾಗತೊಡಗಿತ್ತು. ಮನೆಯವರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ನೂಲು ಕೊಡುವ ಸಾಹುಕಾರರು ಮಾತ್ರ ಒಂದು ದಿನ ಬಂದು, "ಇನ್ಮೇಲೆ ಬಣ್ಣದ ಸೀರೆ ಬೇರೇವ್ರಿಗೆ ಕೊಡೋಣ್ವೇನಪ್ಪಾ?" ಎಂದು ನಗುನಗುತ್ತಲೇ ಕೇಳಿ ಹೋದರು. ಅಪ್ಪ ಅಂದು ಊಟ ಮಾಡಲಿಲ್ಲ. ಮಾರನೆಯ ದಿನ, ನನ್ನ ಆರತಕ್ಷತೆಯ ಸೀರೆಯನ್ನು ತಾನೇ ನೇಯುತ್ತೇನೆಂದು ಮಗ್ಗಕ್ಕೆ ಇಳಿದ. ಕುಂಕುಮದ ಕೆಂಪು ಮೈ, ಹಸಿರು ಅಂಚು. ಮದುವೆಗೆ ಬರುವವರು ಮುಕ್ಕಾಲು ಪಾಲು ನೇಕಾರರು. ಬಂದವರು ಹೆಣ್ಣಿನ ಮುಖ ನೋಡುವ ಮೊದಲು ಸೆರಗು ನೋಡುತ್ತಾರೆ. ಸಾಹುಕಾರರೂ ಬರುತ್ತಾರೆ. ಸೀರೆ ಅವರ ಕಣ್ಣಿಗೆ ಒಪ್ಪಿದರೆ ಅಪ್ಪನ ಮಗ್ಗ ಉಳಿಯುತ್ತಿತ್ತು. ನಾನು ಮದುಮಗಳು ಅನ್ನುವುದಕ್ಕಿಂತ ಸೀರೆ ಹಾಕುವ ಗೂಟವಾಗಿದ್ದೆ.

ಅಣ್ಣನದು ಇನ್ನೊಂದು ಹಟ. ತಂಗಿಯ ಮದುವೆಗೆ ಬರೀ ಟ್ಯೂಬ್‌ಲೈಟು, ಸೀರಿಯಲ್ ಸೆಟ್ಟು ಸಾಲದು, ನಾಟಕದವರು ಇಟ್ಟುಕೊಳ್ಳುವಂಥ ಫೋಕಸ್ ಲೈಟು ಬೇಕು. ತನ್ನ ಕಸುಬನ್ನು ಅಪ್ಪ ಒಂದು ಸಲವಾದರೂ ಕಣ್ಣೆತ್ತಿ ನೋಡಲಿ ಎಂಬ ಆಸೆ. ನನ್ನನ್ನೂ ಬಸ್ಸು ಹತ್ತಿಸಿಕೊಂಡು ಬೆಂಗಳೂರಿಗೆ ಹೊರಟ. ಅಂಗಡಿಯಿಂದ ಅಂಗಡಿಗೆ ಅಲೆದು ನನ್ನ ಕಾಲು ಬಿದ್ದುಹೋದವು. ಒಂದು ಕಡೆ ಎತ್ತರದ ಸ್ಟ್ಯಾಂಡಿನ ಜೋಡಿ ದೀಪ ಅವನಿಗೆ ಹಿಡಿಸಿತು. ಅವುಗಳ ಮುಂದೆ ಸಿಕ್ಕಿಸುವ ಬಣ್ಣದ ಗಾಜನ್ನು ನಾವೇ ಆರಿಸಬೇಕು. ಅಂಗಡಿಯವನು, "ಒಳಗೆ ಕತ್ತಲೆ ಕೋಣೆ ಇದೆ, ದೀಪ ಹಾಕಿ ತೋರಿಸ್ತೀನಿ ಬನ್ನಿ," ಎಂದ. ಅಣ್ಣ ಗಾಜುಗಳನ್ನು ಎತ್ತಿಕೊಂಡು ಸೀದಾ ಬೀದಿಗಿಳಿದ.

"ಬಣ್ಣ ನೋಡೋದು ಬಿಸ್ಲಲ್ಲಿ ಕಣಮ್ಮ. ದೀಪ್ದಾಗೆ ನೋಡಿದ್ರೆ ಮೋಸ," ಎಂದ ನನಗೆ.

ಮಗ್ಗ ಬಿಟ್ಟಿದ್ದ, ಮಗ್ಗದ ಮನೆಯ ಬುದ್ಧಿ ಬಿಟ್ಟಿರಲಿಲ್ಲ. ನಮ್ಮಲ್ಲಿ ಬಣ್ಣ ಹಾಕಿಸಿದ ನೂಲನ್ನು ದೀಪದಡಿಯಲ್ಲಿ ಯಾರೂ ಒಪ್ಪಿಕೊಳ್ಳುವುದಿಲ್ಲ. ಅಂಗಳಕ್ಕೆ ತಂದು, ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಅಣ್ಣನೂ ಗಾಜುಗಳನ್ನು ಒಂದೊಂದಾಗಿ ಸೂರ್ಯನಿಗೆ ಹಿಡಿದ. ಕೆಂಪು ಗಾಜು ಕಣ್ಣು ಚುಚ್ಚುತ್ತದೆ ಎಂದ. ಹಸಿರು ನಾಟಕದ ಭೂತಕ್ಕೆ ಸರಿ ಎಂದ. ನೀಲಿ ಗಾಜು ಮಾತ್ರ ಆ ಬಿಸಿಲಿನಲ್ಲಿ ತಿಳಿಯಾಗಿ, ತಂಪಾಗಿ ಕಂಡಿತು. "ಎರಡಕ್ಕೂ ಇದೇ ಇರ್ಲಿ," ಎಂದ. ನನಗೆ ಮನೆ ಸೇರಿದರೆ ಸಾಕಾಗಿತ್ತು.

ಆರತಕ್ಷತೆಯ ದಿನ ಬೆಳಗಿನಿಂದ ಶಾಸ್ತ್ರಗಳಾಗಿ ನನ್ನ ಬೆನ್ನು ಮುರಿದಿತ್ತು. ಸಂಜೆ ಚಪ್ಪರದಲ್ಲಿ ಗಂಡಿನ ಪಕ್ಕ ಕುರ್ಚಿಯಲ್ಲಿ ಕೂರಿಸಿದರು. ಕತ್ತಲಾಗುತ್ತಿದ್ದಂತೆ ಅಣ್ಣ ಹಾಡಿನ ಪ್ಲೇಟು ಹಾಕಿ, ಟ್ಯೂಬ್‌ಲೈಟುಗಳನ್ನೆಲ್ಲ ನಂದಿಸಿ, ಎರಡು ಕಡೆಯಿಂದಲೂ ನಮ್ಮ ಮೇಲೆ ನೀಲಿ ಬೆಳಕು ಬಿಟ್ಟ. ಹುಡುಗರು ಶಿಳ್ಳೆ ಹೊಡೆದರು. ಗಂಡಿನ ಬಿಳಿ ಪಂಚೆ ನೀಲಿಯಾಯಿತು. ಮುಂದೆ ಕೂತಿದ್ದ ಬೀಗರ ಕಡೆಯ ಅಜ್ಜಿ, "ಅಯ್ಯೋ ಶಿವನೇ, ಮದ್ವೆ ಹೆಣ್ಗೆ ಕರೀ ಸೀರೆ ಉಡ್ಸವ್ರಲ್ಲ!" ಅಂದುಬಿಟ್ಟಿತು. ಬಗ್ಗಿ ನೋಡಿಕೊಂಡೆ. ಕುಂಕುಮದ ಕೆಂಪು ಇದ್ದ ಕಡೆಯೆಲ್ಲ ಕಾಡಿಗೆಯ ಕಪ್ಪು.

ಕಂಬಕ್ಕೆ ಒರಗಿ ಕೂತಿದ್ದ ಅಪ್ಪ ಎದ್ದು ಬಂದ. ಅಣ್ಣನಿಗೆ ಇವತ್ತು ಗ್ರಹಚಾರ ಬಿಡಿಸುತ್ತಾನೆ ಎಂದುಕೊಂಡೆ. ಅವನು ಅಣ್ಣನ ಕಡೆ ನೋಡಲೇ ಇಲ್ಲ. ನನ್ನ ಸೆರಗನ್ನೆತ್ತಿ ಕಣ್ಣಿನ ಹತ್ತಿರ ಹಿಡಿದ.

"ಕರೀ ನೂಲು ಹಾಕ್ಬಿಟ್ನೇನ್ ಮಗಾ? ನೀವೆಲ್ಲ ಗೊತ್ತಿದ್ದೂ ಸುಮ್ಕಿದ್ರಾ?"

ಅಣ್ಣನಿಗೆ ಕೇಳಿಸಿತೋ, ಅಪ್ಪನ ಮುಖ ಕಂಡಿತೋ, ಪ್ಲೇಟು ನಿಲ್ಲಿಸಿ ಓಡಿ ಬಂದ. "ದೀಪದ್ ತಪ್ಪು ಅಪ್ಪಾ. ಆ ಗಾಜ್ನ ಕತ್ಲಾಗೆ ದೀಪ ಹಾಕಿ ನೋಡ್ದೆ ತಂದೋನು ನಾನು. ನಿನ್ ಸೀರೆ ಕೆಂಪಗೇ ಐತೆ, ನೋಡು," ಎಂದು ಟ್ಯೂಬ್‌ಲೈಟು ಹಾಕಿದ. ಎಷ್ಟೋ ಕಾಲದ ಮೇಲೆ ಅವನು ಅಪ್ಪನಿಗೆ ನೇರವಾಗಿ ಆಡಿದ ಮಾತು ಅದು. ಸೀರೆ ಕೆಂಪಗಾಯಿತು. ಸಾಹುಕಾರರು ಹತ್ತಿರ ಬಂದು ಅಂಚು ಮುಟ್ಟಿ ನೋಡಿ, ನೇಯ್ಗೆ ಚೊಕ್ಕವಾಗಿದೆ ಎಂದರು. ಅಪ್ಪ ತಲೆಯಾಡಿಸಿದ. ಆದರೆ ಅವನ ಕೈ ಸೆರಗನ್ನು ಬಿಟ್ಟಿರಲಿಲ್ಲ.

ನೀಲಿ ದೀಪ ನೋಡಿ ಹೋದವರು ತಮ್ಮ ಮನೆಯ ಮದುವೆಗೂ ಅದೇ ಬೇಕೆಂದು ಅಣ್ಣನನ್ನು ಕರೆದರು; ದೂರದ ಸಾಸಲು ಹಳ್ಳಿಯವರೆಗೂ ಅವನ ಗಾಡಿ ಹೋಯಿತು. ಸಾಹುಕಾರರು ನೂಲು ಕಳಿಸುವುದನ್ನು ನಿಲ್ಲಿಸಲಿಲ್ಲ. ನಾನು ತವರಿಗೆ ಹೋದಾಗಲೆಲ್ಲ ಅಪ್ಪ ಒಂದು ನೂಲಿನ ಲಡಿ ಹಿಡಿದುಕೊಂಡು ಬಂದು, "ಇದ್ಯಾವ್ ಬಣ್ಣ? ನಿಜ ಹೇಳು," ಅನ್ನುತ್ತಿದ್ದ. ಹಳದಿ ಅಪ್ಪಾ, ಅನ್ನುತ್ತಿದ್ದೆ. "ನಂಗೂ ಹಳದೀನೇ ಕಾಣ್ತದೆ," ಎಂದು, ಮತ್ತೆ ಅದನ್ನೇ ಅಮ್ಮನಿಗೆ, ಆಮೇಲೆ ಪಕ್ಕದ ಮನೆಯವರಿಗೆ ತೋರಿಸಲು ಹೋಗುತ್ತಿದ್ದ. ಹೇಳಿ ಹೇಳಿ ನಮಗೆ ದಣಿವಾಯಿತು, ಕೇಳಿ ಕೇಳಿ ಅವನಿಗೂ. ಕಣ್ಣಿಗೆ ಬಣ್ಣ ಇನ್ನೂ ಕಾಣುತ್ತಿದ್ದಾಗಲೇ, ಆ ಕಣ್ಣನ್ನು ನಂಬಲಾರದೆ, ಅಪ್ಪ ಮಗ್ಗ ಬಿಟ್ಟು ಎದ್ದುಬಿಟ್ಟ.