ಕಂಬಳಿಯ ಅಂಚಿನಲ್ಲಿ ನಿಂತವನು

ಬೆಳಿಗ್ಗೆ ಮಾವನ ಕಂಬಳಿಯನ್ನು ಬಿಸಿಲಿಗೆ ಹಾಕಿದೆ. ಕರಿಕುರಿಯ ಉಣ್ಣೆ ಕಾದಂತೆಲ್ಲ ಹುಣಸೆಬೀಜದ ಗಂಜಿಯ ವಾಸನೆ ಮೇಲೆದ್ದಿತು. ನಮ್ಮ ಚಳ್ಳಕೆರೆ ಕಡೆಯ ಕಂಬಳಿಗೆ ಆ ಗಂಜಿ ಹಾಕದಿದ್ದರೆ ಬಿಗಿಯೇ ಬರುವುದಿಲ್ಲ. ಎಷ್ಟು ವರ್ಷವಾದರೂ ಅದರ ವಾಸನೆ ಜಾಗ ಬಿಟ್ಟು ಕದಲುವುದಿಲ್ಲ; ನಮ್ಮ ರಾಜಕಾರಣಿಗಳಿಗೂ ಈ ಗುಣ ಉಂಟು, ಕುರ್ಚಿಯ ವಿಷಯದಲ್ಲಿ ಮಾತ್ರ. ನನಗೆ ಸೀನು ಬಂತು, ಕಣ್ಣಲ್ಲಿ ನೀರೂ ಬಂತು. ಯಾವುದು ಯಾವುದರಿಂದ ಎಂದು ನನ್ನನ್ನು ಕೇಳಬೇಡಿ.

ಮಾವ ಎಂದರೆ ನನ್ನ ಅವ್ವನ ಅಣ್ಣ. ಅವನ ಮಗನನ್ನೇ ಕಟ್ಟಿಕೊಂಡು ಪರಶುರಾಂಪುರದ ಪಕ್ಕದ ಈ ಹಳ್ಳಿಗೆ ಬಂದ ಮೇಲೆ ಎರಡು ಲೆಕ್ಕದಲ್ಲೂ ಮಾವ. ಕುರಿ ಸಾಕಿದ ಮನೆ ನಮ್ಮದು. ಇಲ್ಲಿ ಕಂಬಳಿ ಇರುವುದು ಹೊದೆಯುವುದಕ್ಕಷ್ಟೇ ಅಲ್ಲ. ನ್ಯಾಯ ಹೇಳುವಾಗ ಅದನ್ನು ಹಾಸುತ್ತಾರೆ. ಅದರ ಮೇಲೆ ಕೂತವರು ಸುಳ್ಳಾಡಬಾರದು.

ಹಿಂದೊಂದು ವರ್ಷ ಗ್ರಾಮ ಪಂಚಾಯಿತಿಯ ಒಂದೇ ಸೀಟಿಗೆ ಮಾವನೂ ಬೋರಯ್ಯನೂ ನಿಂತರು. ಬೋರಯ್ಯ ದೂರದ ನೆಂಟ, ಮಾವನ ಜೊತೆ ಕುರಿ ಕಾಯ್ದು ಬೆಳೆದವನು. ಇಬ್ಬರೂ ಒಬ್ಬರನ್ನೊಬ್ಬರು ಬಾವ ಎಂದೇ ಕರೆಯುತ್ತಿದ್ದರು. ಮತದಾನದ ಹಿಂದಿನ ಸಂಜೆ ಅವನು ನಮ್ಮ ಜಗಲಿಗೆ ಬಂದು ಇದೇ ಕಂಬಳಿಯ ಮೇಲೆ ಕೂತ. ಇಬ್ಬರೂ ಕೈಗೆ ಕೈ ಕೊಟ್ಟು ಮಾತಾಡಿಕೊಂಡರು: ನನ್ನ ಓಟು ನಿನಗೆ, ನಿನ್ನ ಓಟು ನನಗೆ. ಅವರ ಅಪ್ಪಂದಿರೂ ಹಾಗೇ ಮಾಡುತ್ತಿದ್ದರಂತೆ. ಟೀ ಕೊಡಲು ಹೋದ ನನಗೆ ನಗು ತಡೆಯಲಿಲ್ಲ.

"ಇದೇನ್ ಮಾವ, ನಿನ್ನ ಓಟು ನೀನೇ ಹಾಕ್ಕೊಳ್ಳಲ್ವಾ?"

"ಥೂ, ಊಟಕ್ಕೆ ಕರೆದು ಎಲ್ಲಾರ್ಗಿಂತ ಮೊದ್ಲು ನಾನೇ ಹೋಳಿಗೆ ಬಡಿಸ್ಕೊಂಡಂಗಾಗ್ತೈತೆ ಕಣವ್ವ. ನಾಚ್ಕೆ ಆಗಲ್ವಾ?"

ಬೋರಯ್ಯನೂ ನಕ್ಕ. ಆ ಮಾತಿಗೆ ಸಾಕ್ಷಿ ನಾನೊಬ್ಬಳೇ.

ಎಣಿಕೆಯ ದಿನ ಚಳ್ಳಕೆರೆಯಿಂದ ನನ್ನ ಗಂಡನ ಫೋನು ಬಂತು. ಮಾವ ಒಂದೇ ಒಂದು ಓಟಿನಲ್ಲಿ ಸೋತಿದ್ದ. ಮತ್ತೆ ಎಣಿಸಿದರೂ ಅಷ್ಟೇ. ಮುದ್ದೆ ತಿರುವುತ್ತಿದ್ದ ಕೋಲನ್ನು ಹಿಡಿದು ನಾನು ನಿಂತಲ್ಲೇ ನಿಂತೆ, ಮುದ್ದೆ ತಳ ಹತ್ತಿತು. ಹೋಗಲಿ, ಇಬ್ಬರ ಓಟೂ ಅದಲುಬದಲಾಗಿದೆ, ಯಾರಿಗೂ ಮೋಸವಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಸಂಜೆ ತಮಟೆ ಹೊಡೆಸಿಕೊಂಡು, ಹಾರ ಹಾಕಿಕೊಂಡು ಬೋರಯ್ಯ ನಮ್ಮ ಮನೆಗೇ ಬಂದ. ಮಾವ ತಾನೇ ಕಂಬಳಿ ಹಾಸಿದ.

"ಬಾ ಬಾವ, ಗೆದ್ದೋನು ನೀನು, ನಡುವೆ ಕೂತ್ಕ."

ಬೋರಯ್ಯ ಚಪ್ಪಲಿ ಬಿಟ್ಟು ಕಂಬಳಿಯ ಅಂಚಿನವರೆಗೂ ಬಂದು ನಿಂತುಬಿಟ್ಟ. "ಇರ್ಲಿ ಬಾವ, ಕಾಲೆಲ್ಲ ಮಣ್ಣಾಗೈತೆ," ಎಂದ. ಮುಖದ ಮೇಲೆ ಗುಲಾಲು ಬೆವರಿನಲ್ಲಿ ಇಳಿಯುತ್ತಿತ್ತು. ಮಾವ ಇನ್ನೊಮ್ಮೆ ಕರೆದ. ಅವನು ಕಾಲು ಎತ್ತಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಟೀ ಲೋಟ ಹಿಡಿದು ಬಂದ ನನಗೆ ಆಗ ಹೊಳೆಯಿತು. ಅವನು ತನ್ನ ಓಟನ್ನು ತನಗೇ ಹಾಕಿಕೊಂಡಿದ್ದ! ಕೊಟ್ಟ ಮಾತಿನಂತೆ ನಡೆದಿದ್ದರೆ ಆ ಒಂದು ಓಟಿನಿಂದ ಗೆಲ್ಲುತ್ತಿದ್ದವನು ಮಾವ.

ಮಾವನಿಗೂ ಗೊತ್ತಾಯಿತು. ಒಂದು ಗಳಿಗೆ ಅವನ ಮುಖ ಬಿಳಿಚಿಕೊಂಡಿತು. ಆಮೇಲೆ ಬಗ್ಗಿ, ತಾನೇ ಹಾಸಿದ ಕಂಬಳಿಯನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ.

"ಈ ಸೆಕೇಗೆ ಕಂಬ್ಳಿ ಚುಚ್ತೈತೆ. ಲೇ, ಬಾವಂಗೆ ಒಂದು ಕುರ್ಚಿ ತಗಂಬರ್ರೋ!"

ನಾನು ದಂಗಾದೆ. ಮೋಸಕ್ಕಿಂತ ಹೆಚ್ಚಾಗಿ ಆ ಕುರ್ಚಿಗೆ. ಎಲ್ಲರೂ ಹೋದ ಮೇಲೆ ಮಾವನ ಮೇಲೆ ಹರಿಹಾಯ್ದೆ. "ಊರ ಮುಂದೆ ಕೇಳ್ಬೇಕಿತ್ತು ಮಾವ! ಕೂತು ಹೇಳು ಅನ್ಬೇಕಿತ್ತು!"

"ಕೇಳಿದ್ರೆ ಕೂತ್ಬಿಡ್ತಿದ್ದ ಕಣವ್ವ. ಕೂತು ಸುಳ್ಳು ಹೇಳ್ಬಿಡ್ತಿದ್ದ. ಆಮೇಲೆ ಅವನತ್ರ ಏನು ಉಳೀತಿತ್ತು? ಕೂರ್ಲಿಲ್ಲ ನೋಡು, ಅಷ್ಟು ಮಾನ ಐತೆ. ಅದ್ನೂ ನಾವು ಕಿತ್ಕಬೇಕಾ?"

ನನಗದು ಒಪ್ಪಿಗೆಯಾಗಲಿಲ್ಲ. ಗೆದ್ದವನ ಮಾನ ಕಾಯುವ ಉಸಾಬರಿ ಸೋತವನಿಗೇಕೆ ಎಂದು ಬಹಳ ಕಾಲ ಗೊಣಗಿದ್ದೇನೆ. ಈಗ ಮಾವನೂ ಇಲ್ಲ, ಬೋರಯ್ಯನೂ ಇಲ್ಲ.

ಇದನ್ನೆಲ್ಲ ನೆನೆಯುತ್ತ, ಕಾದ ಕಂಬಳಿಯನ್ನು ಜಗಲಿಗೆ ತಂದು ಹಾಸಿ ಅದರ ಮೇಲೆ ಕೂತಿದ್ದೆ. ಬೋರಯ್ಯನ ಮಗಳು ಮಂಜುಳ ಓಟು ಕೇಳಲು ಬಂದಳು. ಈ ಸಲ ಪಂಚಾಯಿತಿಗೆ ಅವಳು ನಿಂತಿದ್ದಾಳೆ. ಚಪ್ಪಲಿ ಬಿಟ್ಟವಳೇ ಸೀದಾ ಬಂದು ಕಂಬಳಿಯ ನಡುವೆ ಕೂತು ಉಣ್ಣೆಯನ್ನು ಸವರಿದಳು.

"ಅಕ್ಕ, ನಮ್ಮಪ್ಪ ಪಂಚಾಯ್ತಿಗೆ ಗೆದ್ದ ಮ್ಯಾಲೆ ಸಾಯೋಗಂಟ ಕಂಬ್ಳಿ ಮ್ಯಾಲೆ ಕೂರ್ಲೇ ಇಲ್ಲ. ಎಂಥಾ ಚಳೀಲೂ ಹೊದೀಲಿಲ್ಲ. ಯಾಕಪ್ಪಾ ಅಂದ್ರೆ ಕಣ್ಣಲ್ಲಿ ನೀರು ತಗಂಡು ಎದ್ದೋಗೋನು. ಯಾಕಂತ ನಿಮಗೇನಾರ ಗೊತ್ತಾ?"

ಇಷ್ಟು ವರ್ಷ ನಾನು ಆ ಮನುಷ್ಯ ಗೆದ್ದ ಎಂದೇ ತಿಳಿದಿದ್ದೆ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ತಡಿ, ನೀರು ತರ್ತೀನಿ," ಎಂದು ಎದ್ದೆ. ಕಂಬಳಿ ದಾಟಿ ಬರಿ ನೆಲದ ಮೇಲೆ ಎರಡೂ ಕಾಲು ಊರಿದೆ. ಆಮೇಲೆ ತಿರುಗಿ ಹೇಳಿದೆ:

"ನಿಮ್ಮಪ್ಪಂಗೆ ಉಣ್ಣೆ ಆಗ್ತಿರ್ಲಿಲ್ಲ ಕಣವ್ವ. ಮೈಯೆಲ್ಲ ಚುಚ್ತಿತ್ತಂತೆ."